ಮೂತ್ರಪಿಂಡಗಳೂ ನಮ್ಮ ಹೆಣ್ಣುಮಕ್ಕಳ ಸಂಕೋಚವೂ

ಸ್ಮರಣಸಂಚಿಕೆಯ ಸಂಪಾದಕಿಯರು ಈ ಸಾರಿಯೂ ನಮ್ಮಿಂದ ಒಂದು ಲೇಖನವನ್ನು ಬೇಡಿ, ಅದು ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ಪ್ರಿಯವಾಗುವಂಥದಾಗಿರಬೇಕೆಂದು ಸೂಚಿಸಿದರು. ಶಾಲೆಯ ಅಂಗಳದ ಹುಣಿಸೆಮರವನ್ನೂ ಬೆಳಗಿನ ಗಂಟೆಯನ್ನೂ ಹೊಲಿಗೆಯ ಕೋಣೆಯನ್ನೂ ಕುರಿತು ಹಿಂದಿನ ಸಂಚಿಕೆಗಳಲ್ಲಿ ನಾವು ಬರೆದದ್ದುಂಟು. ಈಗ ಆರಿಸಿಕೊಂಡ ವಿಷಯವಾದರೋ ಅಷ್ಟು ಪ್ರಿಯವಾದದ್ದಲ್ಲ. ನಾಲ್ಕು ಜನರ ನಡುವೆ ಎತ್ತತಕ್ಕದ್ದೂ ಅಲ್ಲವೆಂದು ಹಲವರು ಎಣಿಸುವರು. ಆದರೆ ಹಾಗೆ ಎಣಿಸುವದರಿಂದಲೇ ನಮ್ಮ ಮಕ್ಕಳಿಗೆ ಕೇಡಾಗುತ್ತಿರುವದನ್ನು ಕಣ್ಣಾರೆ ಕಂಡ ಮೇಲೆ, ಇದನ್ನು ಬಿಟ್ಟು ಇನ್ನೊಂದನ್ನು ಬರೆಯಲು ನಮ್ಮ ಮನಸ್ಸು ಒಪ್ಪಲಿಲ್ಲ. ಓದುವವರು ಮೊದಲ ಪುಟದಲ್ಲಿಯೇ ನಾಚಿ ಸಂಚಿಕೆಯನ್ನು ಮಡಿಸಿಡಬಾರದೆಂದು ಅರಿಕೆ.

ನಾವು ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಕಲಿತವರು. ನಮ್ಮ ವಿಜ್ಞಾನದ ಪುಸ್ತಕದಲ್ಲಿ ಮೂತ್ರಪಿಂಡದ ಪಾಠವಿತ್ತು. ಕಲಿಸುತ್ತಿದ್ದ ಅಕ್ಕೋರು ಬಹಳ ಒಳ್ಳೆಯವರು. ಆದರೆ ಆ ಪುಟಕ್ಕೆ ಬಂದಾಗ ಅವರ ಸ್ವರವು ತಗ್ಗಿತು, ಹಲಗೆಯ ಮೇಲೆ ಅವಸರದಿಂದ ಒಂದು ಚಿತ್ರ ಬರೆದು, "ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿರಿ" ಎಂದು ಹೇಳಿಬಿಟ್ಟರು. ನಾವು ಓದಿಕೊಂಡೆವು. ಪರೀಕ್ಷೆಯಲ್ಲಿ ಚಿತ್ರವನ್ನು ಅಂದವಾಗಿ ಬರೆದು, ಭಾಗಗಳ ಹೆಸರುಗಳನ್ನು ಗುರುತಿಸಿ, ಪೂರ್ಣ ಅಂಕಗಳನ್ನೂ ಪಡೆದೆವು. ಆದರೆ ಅದೇ ದಿನಗಳಲ್ಲಿ ನಾವು ಬೆಳಗ್ಗೆ ಮನೆ ಬಿಟ್ಟವರು ಸಂಜೆ ಮನೆ ಸೇರುವ ತನಕ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಪುಸ್ತಕದಲ್ಲಿದ್ದ ಚಿತ್ರವು ನಮ್ಮ ಬೆನ್ನಿನೊಳಗೂ ಇದೆಯೆಂಬ ಅರಿವು ನಮಗೆ ಆಗಲೇ ಇಲ್ಲ. ಮುಂದೆ ಶಿಕ್ಷಕಿಯರ ತರಬೇತಿಯನ್ನು ಮುಗಿಸಿ ಇದೇ ಶಾಲೆಗೆ ಬಂದ ಮೇಲೆ ನಾವೂ ಆ ಪಾಠವನ್ನು ಅದೇ ಅವಸರದಿಂದಲೇ ಕಲಿಸಿದೆವು. ಆದಕಾರಣ ಈ ಲೇಖನವು ಒಂದು ರೀತಿಯಲ್ಲಿ ತಡವಾಗಿ ಕಲಿಸಿದ ಪಾಠವಾಗಿದೆ.

ಕೊನೆಯ ಪಕ್ಕೆಲುಬುಗಳ ಆಶ್ರಯದಲ್ಲಿ, ಬೆನ್ನೆಲುಬಿನ ಎರಡೂ ಮಗ್ಗುಲಿಗೆ, ಒಂದೊಂದು ಮೂತ್ರಪಿಂಡವಿರುವದು. ಆಕಾರದಲ್ಲಿ ಅದು ಅವರೆಕಾಳಿನಂತೆ. ಗಾತ್ರದಲ್ಲಿ ಅವರವರ ಮುಷ್ಟಿಯಷ್ಟು. ಬೆಳೆದ ಮನುಷ್ಯನಲ್ಲಿ ಅದರ ಉದ್ದ ಸುಮಾರು ೧೧ ಸೆಂಟಿಮೀಟರು, ತೂಕ ಸುಮಾರು ೧೫೦ ಗ್ರಾಮು. ಬಲಗಡೆಯದರ ಮೇಲೆ ಯಕೃತ್ತು ಇರುವದರಿಂದ ಅದು ಎಡಗಡೆಯದಕ್ಕಿಂತ ತುಸು ಕೆಳಗೆ ಕುಳಿತಿರುವದು. ಇಷ್ಟು ಚಿಕ್ಕ ಅಂಗಗಳಿಗೆ ಹೃದಯವು ತಾನು ಹೊರಡಿಸುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಕಳುಹಿಸುವದು. ಅಂದರೆ ನಿಮಿಷಕ್ಕೆ ಸುಮಾರು ಒಂದು ಲೀಟರು. ಯಜಮಾನನು ಯಾರಿಗೆ ಹೆಚ್ಚು ಕೆಲಸ ಒಪ್ಪಿಸಿದ್ದಾನೆಂಬದು ಅವರ ಮನೆಗೆ ಹೋಗುವ ಬಂಡಿಗಳಿಂದಲೇ ತಿಳಿಯುವದಷ್ಟೆ.

ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮವಾದ ಸೋಸುವ ಘಟಕಗಳುಂಟು. ಇವುಗಳಿಗೆ ನೆಫ್ರಾನುಗಳೆಂದು ಹೆಸರು. ಪ್ರತಿಯೊಂದರ ತುದಿಯಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳ ಒಂದು ಗೊಂಚಲು, ಅದನ್ನು ಸುತ್ತಿಕೊಂಡ ಒಂದು ಬಟ್ಟಲು, ಬಟ್ಟಲಿನಿಂದ ಹೊರಟ ಒಂದು ಉದ್ದನೆಯ ಸುರುಳಿ ಕೊಳವೆ. ರಕ್ತವು ಗೊಂಚಲನ್ನು ಹಾಯುವಾಗ ಅದರ ಕಣಗಳೂ ದೊಡ್ಡ ಸಸಾರಜನಕ ವಸ್ತುಗಳೂ ಒಳಗೇ ಉಳಿದು, ನೀರೂ ಉಪ್ಪೂ ಸಕ್ಕರೆಯೂ ಕಲ್ಮಷಗಳೂ ಬಟ್ಟಲಿಗೆ ಇಳಿಯುವವು. ಹೀಗೆ ಒಂದು ದಿನಕ್ಕೆ ಇಳಿಯುವ ನೀರೆಷ್ಟೆಂದರೆ ಸುಮಾರು ೧೮೦ ಲೀಟರು! ನಮ್ಮ ಮನೆಯ ಕೊಡವು ಹದಿನೈದು ಲೀಟರು ಹಿಡಿಯುವದೆಂದು ಇಟ್ಟುಕೊಂಡರೆ ಹನ್ನೆರಡು ಕೊಡ. ಇದೆಲ್ಲ ಹೊರಗೆ ಹೋದರೆ ನಾವು ಒಂದು ಹೊತ್ತೂ ಬದುಕಲಾರೆವು. ಆದಕಾರಣ ಸುರುಳಿ ಕೊಳವೆಯು ನೂರರಲ್ಲಿ ತೊಂಬತ್ತೊಂಬತ್ತು ಪಾಲನ್ನು ಮರಳಿ ರಕ್ತಕ್ಕೆ ಒಪ್ಪಿಸಿ, ಉಳಿದ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುವದು. ಹಬ್ಬಕ್ಕೆ ಮುಂಚೆ ನಮ್ಮ ತಾಯಂದಿರು ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದಿಟ್ಟು, ಬೇಕಾದದ್ದನ್ನು ಒರಸಿ ಒಳಗಿಟ್ಟು, ಬೇಡವಾದದ್ದನ್ನು ತಿಪ್ಪೆಗೆ ಹಾಕುವರಲ್ಲವೆ? ಮೂತ್ರಪಿಂಡವು ಅಂಥ ಹಬ್ಬದ ಕೆಲಸವನ್ನು ವರ್ಷಕ್ಕೊಮ್ಮೆಯಲ್ಲ, ಹಗಲಿರುಳೂ ಮಾಡುತ್ತಿರುವದು.

ಇಷ್ಟೇ ಅಲ್ಲ. ರಕ್ತದ ಉಪ್ಪನ್ನೂ ಹುಳಿಯನ್ನೂ ಅಳತೆಯಲ್ಲಿಡುವದು, ರಕ್ತದೊತ್ತಡವನ್ನು ಸರಿದೂಗಿಸುವದು, ಎಲುಬಿನೊಳಗಿನ ಮಜ್ಜೆಗೆ ಕೆಂಪು ಕಣಗಳನ್ನು ಹುಟ್ಟಿಸೆಂದು ಸೂಚನೆ ಕಳುಹಿಸುವದು, ಎಲುಬುಗಳಿಗೆ ಬೇಕಾದ ‘ಡಿ’ ಜೀವಸತ್ವವನ್ನು ಕೆಲಸಕ್ಕೆ ಬರುವಂತೆ ಮಾರ್ಪಡಿಸುವದು, ಇವೂ ಅದರ ಪಾಲಿನ ಕೆಲಸಗಳೇ. ಆದ್ದರಿಂದಲೇ ಮೂತ್ರಪಿಂಡಗಳು ಸೋತವರಲ್ಲಿ ಮೂತ್ರದ ತೊಂದರೆಯೊಂದೇ ಅಲ್ಲದೆ ರಕ್ತಹೀನತೆಯೂ ಎಲುಬುಗಳ ಬಲಗುಂದುವಿಕೆಯೂ ರಕ್ತದೊತ್ತಡದ ಏರಿಕೆಯೂ ಕಾಣಿಸಿಕೊಳ್ಳುವವು.

ತಯಾರಾದ ಮೂತ್ರವು ಎರಡು ಕಿರಿದಾದ ನಾಳಗಳ ಮೂಲಕ ಹೊಟ್ಟೆಯ ಕೆಳಭಾಗದಲ್ಲಿರುವ ಮೂತ್ರಕೋಶಕ್ಕೆ ಇಳಿದು ಅಲ್ಲಿ ಸಂಗ್ರಹವಾಗುವದು. ಈ ಚೀಲವು ದೊಡ್ಡವರಲ್ಲಿ ೪೦೦ರಿಂದ ೫೦೦ ಮಿಲಿಲೀಟರುಗಳಷ್ಟು ಹಿಡಿಯುವದು. ಅರ್ಧ ತುಂಬುತ್ತಲೇ ‘ಹೊರಡು’ ಎಂದು ಎಚ್ಚರಿಸಲಾರಂಭಿಸುವದು. ಅಲ್ಲಿಂದ ಹೊರಕ್ಕೆ ಹೋಗುವ ದಾರಿಯು ಗಂಡಸರಲ್ಲಿ ಸುಮಾರು ೨೦ ಸೆಂಟಿಮೀಟರು ಉದ್ದ. ಹೆಂಗಸರಲ್ಲಿ ಸುಮಾರು ನಾಲ್ಕೇ ಸೆಂಟಿಮೀಟರು. ಮಲದಲ್ಲಿ ಸಹಜವಾಗಿಯೇ ಇರುವ ಈ-ಕೊಲೈ ಎಂಬ ಸೂಕ್ಷ್ಮಜೀವಿಯು ಈ ಕಿರುದಾರಿಯನ್ನು ಹತ್ತಿ ಮೂತ್ರಕೋಶವನ್ನು ಸೇರುವದು ಹೆಣ್ಣುಮಕ್ಕಳಲ್ಲಿ ಸುಲಭ. ಮೂತ್ರದ ಸೋಂಕು ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವದಕ್ಕೆ ಇದೇ ಮುಖ್ಯ ಕಾರಣ. ಇದು ದೇಹದ ರಚನೆಯ ಮಾತು. ಅದರಲ್ಲಿ ಯಾವ ಮಗುವಿನ ತಪ್ಪೂ ಇಲ್ಲ, ನಾಚಿಕೆಗೆ ಕಾರಣವೂ ಇಲ್ಲ. ಆಗಾಗ್ಗೆ ಬೇಕಾದಷ್ಟು ನೀರು ಕುಡಿದು ಮೂತ್ರವಿಸರ್ಜನೆ ಮಾಡುತ್ತಿದ್ದರೆ ಹತ್ತಿದ ಜೀವಿಗಳು ಆ ಹರಿವಿನಲ್ಲಿ ಕೊಚ್ಚಿ ಹೋಗುವವು. ನೀರು ಕುಡಿಯದೆ, ಬಂದದ್ದನ್ನೂ ತಡೆಹಿಡಿದರೆ, ನಿಂತ ನೀರಿನಲ್ಲಿ ಹುಳ ಹುಟ್ಟುವಂತೆ ಅವು ಅಲ್ಲಿಯೇ ಬೆಳೆಯುವವು.

ಇಷ್ಟು ತಿಳಿದಿದ್ದ ನಾವು ಕೆಲವು ವರ್ಷಗಳ ಹಿಂದೆ ಮಾಡಿದ್ದೇನೆಂಬದನ್ನು ಇನ್ನು ಹೇಳತಕ್ಕದ್ದಾಗಿದೆ.

ಬೇಸಗೆಯ ಬಾಗಿಲು. ಮಧ್ಯಾಹ್ನದ ಊಟಕ್ಕೆ ಮುಂಚಿನ ಅವಧಿಯಲ್ಲಿ ನಾವು ಒಂಬತ್ತನೆಯ ತರಗತಿಗೆ ಗಣಿತವನ್ನು ಹೇಳಿಕೊಡುತ್ತಿದ್ದೆವು. ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಎದ್ದುನಿಂತು ಕಿರುಬೆರಳನ್ನು ತೋರಿಸಿದಳು. ಓದಿನಲ್ಲಿ ಜಾಣೆ, ನಡತೆಯಲ್ಲಿ ಮೃದು, ಎಂದೂ ಎದ್ದು ಕೇಳಿದವಳಲ್ಲ. ಲೆಕ್ಕವು ಅರ್ಧಕ್ಕೆ ಬಂದಿತ್ತು. "ಇನ್ನು ಇಪ್ಪತ್ತು ನಿಮಿಷದಲ್ಲಿ ಗಂಟೆ ಆಗುವದು, ಕೂತುಕೋ" ಎಂದೆವು. ಅವಳು ಕುಳಿತಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾವು ಲೆಕ್ಕವನ್ನು ಮುಗಿಸಿದೆವು.

ಮೂರನೆಯ ದಿನದಿಂದ ಅವಳು ಶಾಲೆಗೆ ಬರಲಿಲ್ಲ. ಜ್ವರವೆಂದು ತಿಳಿಯಿತು, ಪರೀಕ್ಷೆಯ ಭಯವಿರಬೇಕೆಂದು ನಾವೇ ಒಬ್ಬ ಸಹೋದ್ಯೋಗಿಯ ಮುಂದೆ ಆಡಿದ್ದೂ ಉಂಟು. ವಾರದ ಮೇಲೆ ಅವಳು ಆಸ್ಪತ್ರೆಯಲ್ಲಿರುವಳೆಂದು ಕೇಳಿ ನೋಡಲು ಹೋದೆವು. ಮಗುವಿನ ಮುಖ ಬಾಡಿತ್ತು. ನಡುಕ ಹುಟ್ಟಿಸುವ ಚಳಿಜ್ವರ, ವಾಂತಿ, ಬಲಗಡೆಯ ಬೆನ್ನಿನಲ್ಲಿ ಮುಟ್ಟಗೊಡದ ನೋವು. ಮೂತ್ರಕೋಶದಲ್ಲಿದ್ದ ಸೋಂಕು ಮೇಲಕ್ಕೆ ಹತ್ತಿ ಮೂತ್ರಪಿಂಡವನ್ನೇ ಮುಟ್ಟಿತ್ತು. ಪಕ್ಕದಲ್ಲಿ ಕುಳಿತಿದ್ದ ಅವಳ ತಾಯಿಯನ್ನು ವೈದ್ಯೆಯು, "ಶಾಲೆಯಲ್ಲಿ ಮಗಳು ನೀರು ಕುಡಿಯುತ್ತಾಳೆಯೆ?" ಎಂದು ಕೇಳಿದರು. ಆ ತಾಯಿ ನಮ್ಮ ಮುಖವನ್ನು ನೋಡಿ, "ಏನು ಹೇಳ್ಲಿರಿ ಅಕ್ಕೋರೆ, ಬಾಟ್ಲಿ ತುಂಬಿ ಹ್ಯಾಂಗ ಒಯ್ತಾಳೋ ಹಂಗ ತಿರುಗಿ ತರ್ತಾಳ್ರಿ. ಹೊಲಸಾಗಿ ಬೈದೇನಿ, ಕೇಳಂಗಿಲ್ಲ" ಎಂದಳು. ಎಷ್ಟೋ ತಿಂಗಳುಗಳಿಂದ ಉರಿಯಾಗುತ್ತಿದ್ದದ್ದನ್ನು ಹುಡುಗಿಯು ತಾಯಿಗೂ ಹೇಳಿರಲಿಲ್ಲ.

ಹೊರಗೆ ಬಂದು ನಾವು ವೈದ್ಯೆಯ ಮುಂದೆ ಗಣಿತದ ಅವಧಿಯ ಸಂಗತಿಯನ್ನು ಒಪ್ಪಿಕೊಂಡೆವು. ಅವರು ನಮ್ಮನ್ನು ಬಿಡಿಸಲೂ ಇಲ್ಲ, ಹಳಿಯಲೂ ಇಲ್ಲ. "ಒಂದು ದಿನ ತಡೆದುಕೊಂಡದ್ದರಿಂದ ಈ ರೋಗ ಬಂದಿತೆಂದು ನಾನು ಹೇಳಲಾರೆನು. ಆದರೆ ವರ್ಷಗಟ್ಟಲೆ ಹಗಲೆಲ್ಲ ನೀರು ಬಿಟ್ಟು ಇದ್ದುದಕ್ಕೆ ಕಾರಣವೇನೆಂಬದನ್ನು ನೀವು ನಿಮ್ಮ ಶಾಲೆಯಲ್ಲಿ ಹುಡುಕಬೇಕು" ಎಂದರು. ಸರಿಯಾದ ಔಷಧದಿಂದ ಮಗು ಗುಣಹೊಂದಿತು; ಮುಂದಿನ ವರ್ಷ ಚೆನ್ನಾಗಿ ಉತ್ತೀರ್ಣಳೂ ಆದಳು. ಅದು ನಮ್ಮ ಪುಣ್ಯ, ನಮ್ಮ ಜಾಣತನವಲ್ಲ.

ಹುಡುಕುವದಕ್ಕೆ ದೂರ ಹೋಗಬೇಕಾಗಲಿಲ್ಲ. ಮರುದಿನ ಪಾಠಗಳು ನಡೆಯುತ್ತಿರುವಾಗ ನಾವು ಹುಡುಗಿಯರ ಶೌಚಗೃಹಗಳ ಕಡೆಗೆ ನಡೆದೆವು. ಅಷ್ಟು ವರ್ಷ ಈ ಶಾಲೆಯಲ್ಲಿದ್ದು, ಎಷ್ಟೋ ಸಾರಿ ಜವಾನನಿಗೆ ತೊಳೆಸೆಂದು ಹೇಳಿ, ಸ್ವತಃ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಯಾಕಂದರೆ ಉಪಾಧ್ಯಾಯಿನಿಯರದು ಬೇರೆ. ಅದರ ಬೀಗದ ಕೈ ನಮ್ಮ ಮೇಜಿನ ಸೆಳೆಖಾನೆಯಲ್ಲಿರುತ್ತಿತ್ತು. ಹುಡುಗಿಯರದರಲ್ಲಿ ನಾಲ್ಕು ಬಾಗಿಲು; ಎರಡಕ್ಕೆ ಚಿಲಕವಿರಲಿಲ್ಲ; ಒಂದರ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ; ನಾಲ್ಕನೆಯದರ ಬಾಗಿಲನ್ನು ಹೊರಗಿನಿಂದ ಗೆಳತಿಯೊಬ್ಬಳು ಎಳೆದು ಹಿಡಿದರೆ ಮಾತ್ರ ಮುಚ್ಚಿಕೊಳ್ಳುವದು. ತಿಂಗಳ ದಿನಗಳಲ್ಲಿ ಬಟ್ಟೆಯನ್ನು ಹಾಕಲು ಒಂದು ಡಬ್ಬಿಯೂ ಇರಲಿಲ್ಲ. ನಾವು ಅಲ್ಲಿ ನಿಂತಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದೆವು.

ಆ ಮಧ್ಯಾಹ್ನ ಮೇಲಿನ ಮೂರು ತರಗತಿಗಳ ಹುಡುಗಿಯರಿಗೆ ಒಂದೊಂದು ಚೀಟಿಯನ್ನು ಕೊಟ್ಟು, ಹೆಸರು ಬರೆಯದೆ, ಶಾಲೆಯಲ್ಲಿ ನೀರು ಕುಡಿಯುವಿರೋ ಇಲ್ಲವೋ, ಇಲ್ಲವಾದರೆ ಯಾಕೆಂದು ಬರೆಯಿರೆಂದು ಹೇಳಿದೆವು. ಬಹುಪಾಲು ಚೀಟಿಗಳಲ್ಲಿ ‘ಇಲ್ಲ’ ಎಂದೇ ಇತ್ತು. ಕಾರಣಗಳು ಹೀಗಿದ್ದವು: ‘ಚಿಲಕವಿಲ್ಲ.’ ‘ಗೆಳತಿ ಬರದಿದ್ದರೆ ಹೋಗಲಾರೆ.’ ‘ನೀರು ಕುಡಿದರೆ ತಾನೇ ಹೋಗಬೇಕಾಗುವದು.’ ‘ಕೇಳಿದರೆ ಎಲ್ಲರೂ ನಗುವರು.’ ಒಂದು ಚೀಟಿಯಲ್ಲಿ ಮಾತ್ರ, ‘ಕೇಳಿದೆನು, ಕೂತುಕೋ ಅಂದರು’ ಎಂದಿತ್ತು. ಇದನ್ನು ಬರೆದವಳು ಯಾರೆಂದು ನಮಗೆ ತಿಳಿಯದು. ಆಸ್ಪತ್ರೆಯಲ್ಲಿದ್ದವಳು ಆ ದಿನ ತರಗತಿಯಲ್ಲಿರಲಿಲ್ಲ; ಆದ್ದರಿಂದ ಅವಳಲ್ಲ. ಅಂದರೆ ನಾವು ಕೂಡ್ರಿಸಿದವರು ಒಬ್ಬರೇ ಅಲ್ಲ. ಆ ಚೀಟಿಯನ್ನು ಇಂದಿಗೂ ಬೀಗದ ಕೈಯಿದ್ದ ಸೆಳೆಖಾನೆಯಲ್ಲಿಯೇ ಇಟ್ಟುಕೊಂಡಿರುವೆವು.

ಅಂದಿನಿಂದ ನಮ್ಮ ಶಾಲೆಯಲ್ಲಿ ಮೂರು ನಿಯಮಗಳು ನಡೆಯುತ್ತಿವೆ. ಮೊದಲನೆಯದು, ಜಲಬಾಧೆಗೆ ಹೋಗುವ ಹುಡುಗಿಯು ಅಪ್ಪಣೆಯನ್ನು ಕೇಳಬೇಕಾಗಿಲ್ಲ. ಸದ್ದಿಲ್ಲದೆ ಎದ್ದು ಹೋಗಿ ಬರಬಹುದು. ಪಾಠವು ಕೆಡುವದೆಂದು ಹೆದರಿದ ಉಪಾಧ್ಯಾಯಿನಿಯರೇ ಈಗ ಅದು ಕೆಡಲಿಲ್ಲವೆಂದು ಒಪ್ಪುತ್ತಾರೆ. ಎರಡನೆಯದು, ನೀರಿನ ಗಂಟೆ. ೨೦೧೯ರಲ್ಲಿ ಕೇರಳದ ಶಾಲೆಗಳಿಂದ ಸುದ್ದಿಯಾಗಿ, ಅದೇ ವರ್ಷ ಕರ್ನಾಟಕದ ಶಾಲೆಗಳಿಗೂ ಸೂಚಿಸಲ್ಪಟ್ಟ ಈ ಪದ್ಧತಿಯಂತೆ, ಗೊತ್ತಾದ ಹೊತ್ತಿಗೆ ಗಂಟೆ ಬಾರಿಸಿದಾಗ ಮಕ್ಕಳೆಲ್ಲರೂ ಉಪಾಧ್ಯಾಯಿನಿಯೊಡನೆ ನೀರು ಕುಡಿಯತಕ್ಕದ್ದು. ಮೂರನೆಯದು, ಉಪಾಧ್ಯಾಯಿನಿಯರ ಬೇರೆ ಬೀಗವನ್ನು ತೆಗೆದುಹಾಕಿದೆವು. ಅವರೂ ನಾವೂ ಮಕ್ಕಳ ಶೌಚಗೃಹವನ್ನೇ ಉಪಯೋಗಿಸಲಾರಂಭಿಸಿದ ಹದಿನೈದು ದಿನಗಳೊಳಗೆ ಚಿಲಕಗಳೂ ನಲ್ಲಿಯೂ ಡಬ್ಬಿಯೂ ತಾವಾಗಿಯೇ ಸರಿಯಾದವು! ಇದಕ್ಕಿಂತ ಹೆಚ್ಚು ವ್ಯಾಖ್ಯಾನ ಬೇಡ.

ಇನ್ನು ಮನೆಯಲ್ಲಿ ತಾಯಂದಿರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಬರೆಯುವೆವು. ಮೂತ್ರ ಮಾಡುವಾಗ ಉರಿ, ಮೇಲಿಂದ ಮೇಲೆ ಅವಸರವಾಗಿ ಹೋಗಬೇಕೆನಿಸುವದು, ಹೋದರೆ ಸ್ವಲ್ಪವೇ ಬರುವದು, ಕಿಬ್ಬೊಟ್ಟೆಯ ನೋವು, ಮೂತ್ರದ ಕದಡು ಬಣ್ಣ ಅಥವಾ ದುರ್ವಾಸನೆ, ಇವು ಮೂತ್ರಕೋಶದ ಸೋಂಕಿನ ಗುರುತುಗಳು. ಇವುಗಳನ್ನು ‘ಉಷ್ಣ’ವೆಂದು ಕರೆದು, ಎಳನೀರು ಬಾರ್ಲಿಗಂಜಿಗಳನ್ನು ಕೊಟ್ಟು ಸುಮ್ಮನಾಗುವದು ನಮ್ಮ ಮನೆಗಳ ರೂಢಿ. ಆ ಪಾನೀಯಗಳಿಂದ ನೀರಿನ ಅಂಶ ಹೆಚ್ಚುವದು ನಿಜ. ಆದರೆ ಸೋಂಕು ಕೂಡಿದ ಮೇಲೆ ಅವುಗಳೇ ಔಷಧವಾಗಲಾರವು. ಮೂತ್ರವನ್ನು ಪರೀಕ್ಷಿಸಿ ವೈದ್ಯರು ಕೊಟ್ಟ ಔಷಧವನ್ನು, ಎರಡು ದಿನಕ್ಕೆ ಉರಿ ನಿಂತಿತೆಂದು ಬಿಟ್ಟುಬಿಡದೆ, ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಹಿಂದೆ ಯಾರಿಗೋ ಕೊಟ್ಟು ಉಳಿದ ಗುಳಿಗೆಯನ್ನು ಕೊಡಲೇಬಾರದು. ಚಳಿಜ್ವರ, ವಾಂತಿ, ಪಕ್ಕೆಯ ನೋವುಗಳು ಕೂಡಿಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಗರ್ಭಿಣಿಯರಲ್ಲಿ ಈ ಸೋಂಕು ಗುರುತು ತೋರಿಸದೆಯೂ ಇದ್ದು, ತಾಯಿಗೂ ಮಗುವಿಗೂ ಕೇಡು ತರಬಹುದು. ಆದುದರಿಂದಲೇ ಬಸುರಿಯರ ಮೂತ್ರವನ್ನು ಪರೀಕ್ಷಿಸುವರು. ಚಿಕ್ಕ ಹೆಣ್ಣುಮಕ್ಕಳಿಗೆ ಶೌಚದ ತರುವಾಯ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಬೇಕೆಂದು ತಾಯಿಯೇ ಕಲಿಸತಕ್ಕದ್ದು. ಒಂದು ಕ್ಷಣದ ಮಾತು, ಜೀವಮಾನದ ಉಪಕಾರ.

ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಇನ್ನೊಂದು ತೊಂದರೆಯೂ ಸಾಮಾನ್ಯ. ಅದು ಮೂತ್ರದ ಕಲ್ಲು. ಬೆವರಿನಲ್ಲಿ ನೀರು ಹೋಗಿ, ಕುಡಿದದ್ದು ಸಾಲದೆ, ಮೂತ್ರವು ಮಂದವಾದಾಗ ಅದರೊಳಗಿನ ಲವಣಗಳು ಹರಳುಗಟ್ಟುವವು. ಇದು ಹೊಸ ರೋಗವಲ್ಲ; ಸುಶ್ರುತಸಂಹಿತೆಯಲ್ಲಿ ಇದನ್ನು ಅಶ್ಮರಿಯೆಂದು ವರ್ಣಿಸಿ, ಶಸ್ತ್ರದಿಂದ ಕಲ್ಲನ್ನು ತೆಗೆಯುವ ಕ್ರಮವನ್ನೂ ಹೇಳಿದೆ. ಕಲ್ಲು ನಾಳದಲ್ಲಿ ಜಾರಿದಾಗ ಪಕ್ಕೆಯಿಂದ ತೊಡೆಯ ಸಂದಿಯವರೆಗೆ ಬರುವ ನೋವನ್ನು ಅನುಭವಿಸಿದವರು ಹೆರಿಗೆಯ ನೋವಿಗೆ ಹೋಲಿಸುವದುಂಟು. ಮೂತ್ರದಲ್ಲಿ ರಕ್ತವೂ ಕಾಣಬಹುದು. ಚಿಕ್ಕ ಕಲ್ಲುಗಳು ಎಷ್ಟೋ ಸಾರಿ ತಾವೇ ಹೊರಬೀಳುವವು. ದೊಡ್ಡವನ್ನು ಈಗ ಹೊಟ್ಟೆ ಕೊಯ್ಯದೆ ಪುಡಿಮಾಡಿ ತೆಗೆಯುವ ಉಪಾಯಗಳುಂಟು. ಒಮ್ಮೆ ಬಂದವರಿಗೆ ಮತ್ತೆ ಬರದಂತೆ ಮಾಡುವ ಮುಖ್ಯ ಸಾಧನವು ನೀರೇ. ಉಪ್ಪನ್ನು ಕಡಿಮೆ ಮಾಡುವದು ಅದಕ್ಕೆ ಸಹಾಯ. ಹಾಲು ಮೊಸರುಗಳನ್ನು ಬಿಟ್ಟರೆ ಕಲ್ಲು ಬರದೆಂಬದು ತಪ್ಪು ತಿಳುವಳಿಕೆ. ಆಹಾರದ ಸುಣ್ಣದಂಶವು ಮಿತವಾಗಿದ್ದರೆ ಒಳ್ಳೆಯದೇ.

ಉರಿಯೂ ಕಲ್ಲೂ ಕೂಗಿ ಹೇಳುವ ರೋಗಗಳು. ಕೂಗದ ರೋಗವೇ ಹೆಚ್ಚು ಭಯಂಕರವಾದದ್ದು. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ವರ್ಷಗಟ್ಟಲೆ ಹತೋಟಿಯಿಲ್ಲದೆ ಇದ್ದರೆ ಆ ಸೂಕ್ಷ್ಮ ಗೊಂಚಲುಗಳನ್ನು ಒಂದೊಂದಾಗಿ ಕೆಡಿಸುವವು. ಮೈಕೈ ನೋವಿಗೆಂದು ಯಾರನ್ನೂ ಕೇಳದೆ ದಿನವೂ ನುಂಗುವ ಗುಳಿಗೆಗಳಿಂದಲೂ ಹಾಗೆಯೇ ಹಾನಿಯುಂಟು. ಮೂತ್ರಪಿಂಡಗಳಾದರೋ ಮನೆಯ ಸೊಸೆಯಂತೆ ದುಡಿಯುತ್ತಲೇ ಇರುವವು; ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಗುವವರೆಗೂ ಬಾಯಿಬಿಡುವದಿಲ್ಲ. ಮುಖ ಕಾಲುಗಳ ಊತ, ನೊರೆನೊರೆಯಾದ ಮೂತ್ರ, ಊಟ ಬೇಡವಾಗುವದು, ಆಯಾಸ, ಇವು ಕಾಣುವಾಗ ಬಹಳ ದಾರಿ ನಡೆದಾಗಿರುವದು. ಊತವನ್ನೂ, ಮೂತ್ರದಲ್ಲಿ ಸಸಾರಜನಕವು ಸೋರುವದನ್ನೂ, ಕೆಟ್ಟ ಮೂತ್ರಪಿಂಡವನ್ನೂ ಒಂದೇ ರೋಗದ ಕೊಂಡಿಗಳೆಂದು ೧೮೨೭ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ ಎಂಬವರು ತೋರಿಸಿಕೊಟ್ಟರು. ಅವರ ಕಾಲದಲ್ಲಿ ತಿಳಿದರೂ ಮಾಡುವದಕ್ಕೆ ಹೆಚ್ಚೇನೂ ಇರಲಿಲ್ಲ. ನಮ್ಮ ಕಾಲದಲ್ಲಿ ಒಂದು ಮೂತ್ರಪರೀಕ್ಷೆ, ಒಂದು ರಕ್ತಪರೀಕ್ಷೆ, ಒಮ್ಮೆ ರಕ್ತದೊತ್ತಡದ ಅಳತೆ, ಇಷ್ಟರಿಂದ ರೋಗವನ್ನು ಮೊದಲೇ ಹಿಡಿದು ನಿಧಾನಗೊಳಿಸಬಹುದು. ನಲವತ್ತು ದಾಟಿದ ನಮ್ಮ ಹಳೆಯ ವಿದ್ಯಾರ್ಥಿನಿಯರು, ವಿಶೇಷವಾಗಿ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡವಿದ್ದವರು, ಗಂಡನನ್ನೂ ಅತ್ತೆಯನ್ನೂ ಪರೀಕ್ಷೆಗೆ ಕರೆದೊಯ್ದ ದಿನ ತಾವೂ ತೋರಿಸಿಕೊಂಡು ಬರಬೇಕು.

ಎರಡೂ ಮೂತ್ರಪಿಂಡಗಳು ಸೋತಾಗಲೂ ಈಗ ದಾರಿಯಿದೆ. ನೆದರ್ಲೆಂಡ್ಸ್ ದೇಶವು ಶತ್ರುಗಳ ವಶದಲ್ಲಿದ್ದಾಗ, ೧೯೪೩ರಲ್ಲಿ, ವಿಲೆಮ್ ಕೋಲ್ಫ್ ಎಂಬ ವೈದ್ಯರು ಸೆಲ್ಲೋಫೇನಿನ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ರಕ್ತವನ್ನು ತೊಳೆಯುವ ಯಂತ್ರವನ್ನು ಕಟ್ಟಿದರು. ಅದರಿಂದ ೧೯೪೫ರಲ್ಲಿ ಮೊದಲು ಬದುಕಿ ಉಳಿದದ್ದು ೬೭ ವರ್ಷದ ಒಬ್ಬ ಹೆಂಗಸು. ೧೯೫೪ರಲ್ಲಿ ಬಾಸ್ಟನ್ ನಗರದಲ್ಲಿ ಡಾಕ್ಟರ್ ಜೋಸೆಫ್ ಮರ್ರೇಯವರು ಅವಳಿ ಸಹೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಸಫಲರಾದರು. ಐಡಾ ಸ್ಕಡರ್ ಎಂಬ ಮಿಶನರಿ ವೈದ್ಯೆಯು ೧೯೦೦ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ವೆಲ್ಲೂರಿನ ಆಸ್ಪತ್ರೆಯಲ್ಲಿ ೧೯೭೧ರಲ್ಲಿ ನಮ್ಮ ದೇಶದ ಮೊದಲನೆಯ ಸಫಲ ಜೋಡಣೆಯು ನಡೆಯಿತು. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ರಕ್ತವನ್ನು ತೊಳೆಯುವ ರಾಷ್ಟ್ರೀಯ ಕಾರ್ಯಕ್ರಮವು ೨೦೧೬ರಿಂದ ಇದೆ. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಒಂದನ್ನು ಹೇಳದೆ ಬಿಡಲಾರೆವು: ನಮ್ಮ ದೇಶದಲ್ಲಿ ಬದುಕಿರುವಾಗಲೇ ಮೂತ್ರಪಿಂಡವನ್ನು ದಾನ ಮಾಡುವವರಲ್ಲಿ ತಾಯಂದಿರು, ಹೆಂಡಂದಿರು, ಅಕ್ಕತಂಗಿಯರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ತನ್ನದನ್ನು ಕೊಡಲು ಹಿಂಜರಿಯದ ಹೆಣ್ಣು, ತನ್ನ ಉರಿಯನ್ನು ಹೇಳಲು ಹಿಂಜರಿಯುವಳು. ಆ ಹಿಂಜರಿಕೆಯನ್ನು ಅವಳು ಕಲಿಯುವದು ನಮ್ಮಂಥವರ ತರಗತಿಗಳಲ್ಲಿಯೇ.

ಹಳೆಯ ವಿದ್ಯಾರ್ಥಿನಿಯರ ಸಂಘದವರು ಹೋದ ವರ್ಷ ನಮ್ಮ ಬಳಿಗೆ ಬಂದು, ಶಾಲೆಯ ಹೆಬ್ಬಾಗಿಲಿಗೆ ಒಂದು ಕಲ್ಲಿನ ಕಮಾನನ್ನು ಕಟ್ಟಿಸಿಕೊಡುವೆವೆಂದು ಪ್ರೀತಿಯಿಂದ ಹೇಳಿದರು. ನಕ್ಷೆಯೂ ತಯಾರಾಗಿತ್ತು, ದಾನಿಗಳ ಹೆಸರನ್ನು ಕೆತ್ತುವ ಜಾಗವೂ ಗೊತ್ತಾಗಿತ್ತು. ನಾವು ಸೆಳೆಖಾನೆಯಿಂದ ಆ ಚೀಟಿಯನ್ನು ತೆಗೆದು ಅವರ ಮುಂದೆ ಇಟ್ಟೆವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರಲ್ಲಿ ಹಿರಿಯರಾದ ಒಬ್ಬರು, "ನಮ್ಮ ಕಾಲದಲ್ಲಿಯೂ ಹೀಗೆಯೇ ಇತ್ತು. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ, ಅಷ್ಟೆ" ಎಂದರು. ಕಮಾನಿನ ನಕ್ಷೆಯನ್ನು ಸುತ್ತಿಟ್ಟರು. ಆ ಹಣದಿಂದ ಹನ್ನೆರಡು ಶೌಚಗೃಹಗಳೂ ಕೈ ತೊಳೆಯುವ ಸಾಲೂ ನೀರಿನ ತೊಟ್ಟಿಯೂ ಎದ್ದಿವೆ. ದಿನಕ್ಕೆ ಎರಡು ಸಾರಿ ತೊಳೆಯಲು ಆಯಾ ಒಬ್ಬಳನ್ನು ನೇಮಿಸಿದೆ. ಕಮಾನಿನ ಮೇಲೆ ಹೆಸರು ಕೆತ್ತಿಸಲು ಒಪ್ಪಿದ್ದವರಾರೂ ಇದರ ಮೇಲೆ ಕೆತ್ತಿಸಲು ಒಪ್ಪಲಿಲ್ಲವೆಂಬದನ್ನು ನಗುತ್ತಲೇ ಇಲ್ಲಿ ದಾಖಲು ಮಾಡುವೆವು. ಆ ಹೆಸರುಗಳು ನಮ್ಮ ಮನಸ್ಸಿನಲ್ಲಿವೆ. ಆಯಾಳ ಸಂಬಳಕ್ಕೆ ಶಾಶ್ವತವಾದ ನಿಧಿಯು ಇನ್ನೂ ಆಗಬೇಕಾಗಿದೆ. ಕೈ ಹಿಡಿಯುವವರಿಗೆ ಅವಕಾಶವುಂಟು.

ಕೊನೆಗೆ ತಾಯ್ತಂದೆಗಳಲ್ಲಿ ಒಂದೇ ಬಿನ್ನಹ. ಹದಿಹರೆಯದ ಹುಡುಗಿಗೆ ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರು ಪಾನೀಯವು ಬೇಕು. ಬಿಸಿಲಿನಲ್ಲಿ, ಆಟದ ದಿನಗಳಲ್ಲಿ ಇನ್ನೂ ಹೆಚ್ಚು. ಮೂತ್ರವು ತಿಳಿಯಾದ ಹುಲ್ಲುಬಣ್ಣಕ್ಕಿದ್ದರೆ ನೀರು ಸಾಕಾಗಿದೆಯೆಂದು ತಿಳಿಯಬಹುದು. ಹೃದಯದ ಅಥವಾ ಮೂತ್ರಪಿಂಡದ ರೋಗವಿದ್ದವರು ಮಾತ್ರ ವೈದ್ಯರು ಹೇಳಿದ ಅಳತೆಯಂತೆಯೇ ಕುಡಿಯತಕ್ಕದ್ದು. ಸಂಜೆ ಮಗಳು ಮನೆಗೆ ಬಂದಾಗ ಅಂಕಗಳನ್ನು ಕೇಳುವ ಮೊದಲು ಅವಳ ಚೀಲದಲ್ಲಿರುವ ನೀರಿನ ಬಾಟಲಿಯನ್ನು ಒಮ್ಮೆ ಎತ್ತಿ ನೋಡಿರಿ. ಅದು ಹಗುರವಾಗಿದ್ದರೆ ಸಂತೋಷಪಡಿರಿ. ಭಾರವಾಗಿದ್ದರೆ ಮಗಳನ್ನು ಗದರಿಸಬೇಡಿರಿ. ನಮಗೆ ಒಂದು ಚೀಟಿ ಬರೆದು ಕಳುಹಿಸಿರಿ. ಯಾಕಂದರೆ ತಪ್ಪು ಅವಳದಾಗಿರಲಿಕ್ಕಿಲ್ಲ.